ಕನ್ನಡಿಯೊಡನೆ ಕಾದಿದ ಸೂರಕ್ಕಿ

ಟಪ್! ಸೂರಕ್ಕಿ ಮತ್ತೊಮ್ಮೆ ಬಾಲ್ಕನಿಯ ಕನ್ನಡಿಯನ್ನು ಕುಕ್ಕಿತು. ತನ್ನದೇ ಬಿಂಬವನ್ನು ಎದುರಾಳಿಯೆಂದು ತಿಳಿದು, ಹೆಬ್ಬೆರಳ ಗಾತ್ರದ ಆ ಹಕ್ಕಿ ಬೆಳಗಿನಿಂದ ಕಾದಾಡುತ್ತಿತ್ತು. ಕೊಕ್ಕಿನ ಬುಡದಲ್ಲಿ ರಕ್ತ ಜಿನುಗಿತ್ತು.

“ಎಂಥಾ ಮೊಂಡು! ತನ್ನ ಮುಖದ ಮೇಲೇ ಜಗಳ ಕಾಯ್ತಿದೆ,” ಎಂದು ನಕ್ಕ ತಂಗಿ ಥಟ್ಟನೆ ತುಟಿ ಕಚ್ಚಿಕೊಂಡಳು. ಒಲೆಯ ಬೆಂಕಿಗೆ ತನ್ನ ಕೆನ್ನೆ ಸುಟ್ಟ ಮೇಲೆ ಆ ಕನ್ನಡಿಯನ್ನು ಹೊರಗೆ ಹಾಕಿಸಿದ್ದವಳು ಅಕ್ಕ. “ನೀನು ಬರ್ಬೇಡ ಅಕ್ಕಾ, ನಾನೇ ಗೋಡೆ ಕಡೆ ತಿರುಗಿಸ್ತೀನಿ.”

“ಕೂತ್ಕೋ ನೀನು,” ಎಂದು ಅಕ್ಕ ತಾನೇ ಎದ್ದು ಹೋದಳು. ಹಕ್ಕಿ ಪುರ್ರನೆ ಹಾರಿತು. ಅದು ಬಿಟ್ಟ ಜಾಗದಲ್ಲಿ ಅವಳ ಮುಖ ಮೂಡಿತು. ಕಿವಿಯಿಂದ ಗಲ್ಲದವರೆಗೆ ಸುಕ್ಕುಗಟ್ಟಿದ ಚರ್ಮವನ್ನು ಅವಳು ಮೊದಲ ಸಲ ಕಂಡಳು. ಆದರೂ ನೋಟ ಹೊರಳಿಸಲಿಲ್ಲ. ಆಮೇಲೆ ಕನ್ನಡಿಯನ್ನು ಎತ್ತಿಕೊಂಡು ಒಳಗೆ ಬಂದಳು.

“ಅಟ್ಟಕ್ಕೆ ಹಾಕ್ಲಾ?” ಎಂದಳು ತಂಗಿ.

“ಬೇಡ. ನನ್ನ ಕೋಣೇಲಿ ಮೊಳೆ ಹೊಡಿ. ಬೆಳಕು ಚೆನ್ನಾಗಿ ಬೀಳೋ ಕಡೆ.”