ಒಂದನೇ ಡಿಸ್ಕ್

"ಆಗಲೇ ಕೊರೆದುಬಿಟ್ರಾ ಭಾವ?"

ಮೇಜಿನ ಮೇಲಿದ್ದ ಹಾರ್ಡ್ ಡಿಸ್ಕಿನಲ್ಲಿ ನಾಲ್ಕು ತೂತುಗಳಿದ್ದವು. ಕೆಟ್ಟ ಡಿಸ್ಕನ್ನು ಡ್ರಿಲ್ಲಿನಿಂದ ಕೊರೆಯದೆ ಗುಜರಿಗೆ ಹಾಕುವ ಪದ್ಧತಿ ಭಾವನ ಫೋಟೋ ಸ್ಟುಡಿಯೋದಲ್ಲಿರಲಿಲ್ಲ. ಯಾರದೋ ಮದುವೆಯ ಚಿತ್ರ ಯಾರದೋ ಕೈಗೆ ಸಿಗಬಾರದು. ಈ ವಿಷಯದಲ್ಲಿ ಭಾವ ಬಲು ಖಡಕ್ಕು.

"ನೀನೇ ತಾನೆ ಫೋನಲ್ಲಿ ಹೇಳಿದ್ದು? ಒಂದನೇ ಡಿಸ್ಕ್ ಸತ್ತಿದೆ, ತೆಗೆದು ಹೊಸದು ಹಾಕಿ ಅಂತ. ಹಾಕಿದೆ. ಆಮೇಲೆ ಸರ್ವರ್ ಏಳಲೇ ಇಲ್ಲ."

ಚಿತ್ರಗಳನ್ನೆಲ್ಲ ಇಡುವ ಆ ಸರ್ವರ್ ನೋಡಿಕೊಳ್ಳುತ್ತಿದ್ದವನು ಭಾವನ ಹೆಂಡತಿಯ ತಮ್ಮ. ಅವನು ಡಿಸ್ಕನ್ನು ತಿರುಗಿಸಿದ. ಬೆನ್ನ ಮೇಲೆ ಭಾವನ ದುಂಡು ಅಕ್ಷರದ ಚೀಟಿ: ೧. ಪೆಟ್ಟಿಗೆಯೊಳಗೆ ಹೊಸದರ ಪಕ್ಕ ಕೂತಿದ್ದದ್ದು ೨, ಕಟಕಟ ಸದ್ದು ಮಾಡುತ್ತಾ. ಎರಡು ಡಿಸ್ಕಿನಲ್ಲೂ ಅವೇ ಚಿತ್ರಗಳನ್ನು ಬರೆದಿಡುವ ರೇಡ್ ಎಂಬ ಏರ್ಪಾಡು ಅದು, ಒಂದು ಹೋದರೆ ಇನ್ನೊಂದು ಕಾಯುತ್ತದೆ. ಅದೇ ಸಾಕೆಂದು ಆರಿಸಿ ಹಾಕಿಕೊಟ್ಟವನೂ ಅವನೇ. ಕಂಪ್ಯೂಟರ್ ಸೊನ್ನೆಯಿಂದ ಎಣಿಸುತ್ತದೆ, ಭಾವ ಎಲ್ಲರಂತೆ ಒಂದರಿಂದ ಎಣಿಸಿ ಚೀಟಿ ಅಂಟಿಸಿದ್ದರು. ಕಂಪ್ಯೂಟರಿನ ಒಂದು ಎಂದರೆ ಭಾವನ ಎರಡು. ಇಷ್ಟೇ ಇಷ್ಟನ್ನು ಹೇಳಲು ಅವನು ಮರೆತಿದ್ದ.

"ಸತ್ತದ್ದು ಇನ್ನೂ ಒಳಗೇ ಇದೆ ಭಾವ. ನೀವು ಕೊರೆದಿದ್ದು... ಚೆನ್ನಾಗಿದ್ದದ್ದನ್ನ."

ಭಾವ ಪೆಟ್ಟಿಗೆಯೊಳಗೆ ಬಗ್ಗಿ ನೋಡಿದರು. "ಗಿರಾಕಿಗಳದ್ದು ಹೋಗ್ಲಿ, ಅವರ ಹತ್ರ ಆಲ್ಬಂ ಇದೆ. ಪುಟ್ಟೀದು?"

ಭಾವನ ಮಗಳು ಪುಟ್ಟಿ ಬದುಕಿದ್ದು ಏಳು ವರ್ಷ. ದಿನಕ್ಕೊಂದರಂತೆ ಅಪ್ಪ ತೆಗೆದಿದ್ದ ಅವಳ ಚಿತ್ರಗಳೆಲ್ಲ ಇದರಲ್ಲೇ ಇದ್ದವು. ಕಟ್ಟು ಹಾಕಿಸಿ ಗೋಡೆಗೆ ಹಾಕಿದ್ದು ಒಂದೇ ಒಂದು. ಅದರಲ್ಲಿ ಅವಳು ಕಣ್ಣು ಮುಚ್ಚಿಕೊಂಡು ನಗುತ್ತಿದ್ದಳು.

ಅವನು ಮಾತು ನಿಲ್ಲಿಸಲು ಹೆದರಿ ಒಂದೇ ಉಸಿರಿಗೆ ಹೇಳತೊಡಗಿದ. "ಈ ಸಲ ನಾಲ್ಕು ಡಿಸ್ಕ್ ಹಾಕೋಣ ಭಾವ. ಎರಡು ಹೋದ್ರೂ ತಡ್ಕೊಳ್ಳೋ ರೇಡ್ ಇದೆ. ಚೀಟಿ ಮೇಲೆ ಒಂದು ಎರಡು ಬೇಡ, ಡಿಸ್ಕಿನ ಸೀರಿಯಲ್ ನಂಬರ್ರೇ ಬರೀತೀನಿ. ಇನ್ನೊಂದು ಕಾಪಿ ಮನೇಲೂ ಇಡೋಣ. ಮೊದಲೇ ಮಾಡ್ಬೇಕಿತ್ತು, ನಂದೇ ತಪ್ಪು."

ಭಾವ ಡಿಸ್ಕನ್ನು ಎತ್ತಿಕೊಂಡರು. ತೂತುಗಳಿಂದ ಲೋಹದ ಪುಡಿ ಮೇಜಿನ ಮೇಲೆ ಉದುರಿತು. ಒರೆಸಿ ಹಾಕದೆ, ಅದನ್ನು ಬೆರಳಿನಿಂದ ಮೆಲ್ಲಗೆ ಅಂಗೈಗೆ ಬಳಿದುಕೊಂಡರು.

"ಹಾಕಪ್ಪ," ಎಂದರು. "ನಾಲ್ಕಾದ್ರೂ ಹಾಕು, ಎಂಟಾದ್ರೂ ಹಾಕು. ಇನ್ನು ಅದರಲ್ಲಿ ಇಡೋಕೆ ಏನಿದೆ?"