ಬುತ್ತಿ ಬಿಚ್ಚಿದ ತಪ್ಪಿಗೆ

ರೈಲು ತಡವಾದರೆ ಕಳೆದುಹೋದ ಹೊತ್ತನ್ನೇ ಹಿಂದಿರುಗಿಸುವ ಕಾಲವದು. ಅರ್ಜಿ ಮಂಜೂರಾದರೆ ಸಾಕು, ಮೂರು ಗಂಟೆಗೆ ಬಂದು ತಲುಪಿದ ರೈಲಿನಿಂದ ಹನ್ನೆರಡಕ್ಕೇ ಇಳಿಯಬಹುದಿತ್ತು. ಊರಿನ ಎಷ್ಟೋ ಜನ ಹಾಗೆ ಇಳಿದು, ತಪ್ಪಿದ ಮುಹೂರ್ತಗಳಿಗೆ ಅಕ್ಷತೆ ಹಾಕಿ ಬಂದಿದ್ದರು. ಕಾಶವ್ವನ ಅರ್ಜಿ ಮಾತ್ರ ತಿರಸ್ಕೃತವಾಗಿತ್ತು. ಮೇಲ್ಮನವಿ ಹಿಡಿದು ಅವಳು ಮೂರನೆಯ ಸಲ ಕೌಂಟರಿನ ಮುಂದೆ ನಿಂತಿದ್ದಳು.

“ಗಾಡಿ ಮೂರು ತಾಸು ನಿಂತಿದ್ದು ಖರೆ, ಅಕ್ಕಾರ,” ಎಂದ ಗುಮಾಸ್ತ ದಾಖಲೆಯಿಂದ ತಲೆಯೆತ್ತದೆ. “ಆದ್ರ ನೀವು ಬುತ್ತಿ ಬಿಚ್ಚಿ ಡಬ್ಬಿಯಾಗಿನ ಮಂದಿಗೆಲ್ಲ ರೊಟ್ಟಿ, ಎಣ್ಣೆಗಾಯಿ ಹಂಚೀರಿ. ಎದುರಿನ ಅಜ್ಜಗ ಖಾರ ಹತ್ತಿ ಬಿಕ್ಕಿದಾಗ ನಕ್ಕೀರಿ. ಖುಷೀಲೆ ಕಳದ ಹೊತ್ತು ನಷ್ಟ ಅಲ್ಲ ಅಂತೈತಿ ನಿಯಮ.”

ಕಾಶವ್ವನಿಗೆ ಮೈಯೆಲ್ಲ ಉರಿಯಿತು. “ಅದು ಆಸ್ಪತ್ರ್ಯಾಗಿದ್ದ ನನ್ನ ತಂಗೀಗೆ ಕಟ್ಟಿದ್ದ ಬುತ್ತಿ. ಬಾಜೂಕ ಕುಂತವ್ರು ಹಸದು ಒದ್ದಾಡುವಾಗ ಗಂಟು ಅವಚಿಕೊಂಡು ಕುಂದರಬೇಕಿತ್ತೇನು?”

“ಕುಂತಿದ್ರ ಮೂರೂ ತಾಸು ಸಿಗತಿದ್ವು.”

ಅವನು ಮೂರು ತಾಸಿನ ಲೆಕ್ಕದಿಂದ ಊಟದ ಹೊತ್ತನ್ನು ಕಳೆದ, ಮಾತಿನ ಹೊತ್ತನ್ನು ಕಳೆದ, ಆ ನಗುವನ್ನೂ ಬಿಡಲಿಲ್ಲ. ಕೊನೆಗೆ ಕಾಗದಕ್ಕೆ ಮುದ್ರೆ ಒತ್ತಿ ಮುಂದೆ ತಳ್ಳಿದ.

“ಐವತ್ತು ನಿಮಿಷ ಮಂಜೂರಾಗ್ಯಾವು. ಮೂರರ ಬದಲಿ ಎರಡು ಹತ್ತಕ್ಕ ಇಳೀರಿ. ಇಲ್ಲಿ ಸಹಿ ಮಾಡ್ರಿ.”

ಸ್ಟೇಷನ್ನಿನ ಎದುರಿಗೇ ಇದ್ದ ಆಸ್ಪತ್ರೆಯಲ್ಲಿ ತಂಗಿ ಕಣ್ಣು ಮುಚ್ಚಿದ್ದು ಸರಿಯಾಗಿ ಎರಡು ಗಂಟೆಗೆ. ಅರ್ಜಿಯ ಮೊದಲ ಸಾಲಿನಲ್ಲೇ ಕಾಶವ್ವ ಅದನ್ನು ಬರೆಸಿದ್ದಳು.

ಅವಳು ಪೆನ್ನು ಮುಟ್ಟಲಿಲ್ಲ.

“ಎರಡು ಹತ್ತಕ್ಕ ಇಳದು,” ಎಂದಳು, “ಯಾರ ಮುಂದ ಬುತ್ತಿ ಬಿಚ್ಚಲಿ, ಸಾಹೇಬ್ರ?”