ಭಾನುವಾರದ ಹೆಣ್ಣು

ಈ ಭಾನುವಾರವೂ ನಿರ್ಮಲಮ್ಮ, ತನ್ನ ಮಗಳನ್ನು ಸೊಸೆ ಮಾಡಿಕೊಳ್ಳಬಹುದೇ ಎಂದು ನೋಡಲು ಕುರ್ಚಿಯಲ್ಲಿ ನೆಟ್ಟಗೆ ಕೂತಳು. ಅಂಜನಾಪುರದ ರಸ್ತೆಯಲ್ಲಿ ಮರೆವಿನ ಕಾಯಿಲೆಯ ಹಿರಿಯರಿಗೆಂದೇ ಇರುವ ಆ ಪುಟ್ಟ ಆಶ್ರಯಮನೆಯ ಗೇಟನ್ನು ಯಾವ ಹೆಣ್ಣು ದಾಟಿ ಬಂದರೂ, ನಿರ್ಮಲಮ್ಮನ ಪಾಲಿಗೆ ಅವಳು ವೀರೇಶನಿಗೆ ತೋರಿಸಲು ಬಂದವಳೇ. ವೀರೇಶ ಅವಳ ಮಗ. ಅವನಿಗೀಗ ಐವತ್ತು, ಶಿರಾಳಕೊಪ್ಪದಲ್ಲಿ ಗೊಬ್ಬರದ ಅಂಗಡಿ ಇದೆ, ತನ್ನ ಮಗಳಿಗೇ ಗಂಡು ಹುಡುಕುತ್ತಿದ್ದಾನೆ. ಅವ್ವನ ಮಟ್ಟಿಗೆ ಮಾತ್ರ ಅವನಿನ್ನೂ ಹೆಣ್ಣು ಸಿಗದೆ ಸೊರಗುತ್ತಿರುವ ಹುಡುಗ.

ಬಿಂದುಶ್ರೀ ಪ್ರತಿ ಭಾನುವಾರ ಸೊರಬದ ಗಂಡನ ಮನೆಯಿಂದ ಅವ್ವನನ್ನು ನೋಡಲು ಬರುತ್ತಾಳೆ, ಪ್ರತಿ ಭಾನುವಾರ ನಪಾಸಾಗಿ ಹೋಗುತ್ತಾಳೆ. ಒಮ್ಮೆ ನಡಿಗೆ ಜೋರು ಎಂದಾಯಿತು. ಒಮ್ಮೆ ಮೂಗು ಮೊಂಡು ಎಂದಾಯಿತು. ಆ ಮೂಗು ಅವ್ವನದೇ. ಕುಲದ ಬೆಡಗು ಯಾವುದು ಎಂದು ಕೇಳಿದಾಗ ತವರಿನದನ್ನೇ ಹೇಳಿಬಿಟ್ಟ ವಾರ, ನಮ್ಮದೂ ಅದೇ ಬೆಡಗು, ನೀವಿಬ್ಬರೂ ಅಣ್ಣ ತಂಗಿಯಾಗುತ್ತೀರಿ, ಎದ್ದೇಳು ಎಂದಿದ್ದಳು. ಆ ತೀರ್ಪಿನಲ್ಲಿ ಮಾತ್ರ ತಪ್ಪು ಹುಡುಕುವಂತಿರಲಿಲ್ಲ. ಬಿಂದುಶ್ರೀಗೆ ನಲವತ್ತಮೂರು ದಾಟಿದೆ ಎಂಬುದು ಯಾವ ವಾರವೂ ಅಡ್ಡಿಯಾಗಿರಲಿಲ್ಲ.

ಬಿ.ಪಿ. ನೋಡಲು ಬರುವ ಲೇಡಿ ಡಾಕ್ಟರು ಕಾಲ ಮೇಲೆ ಕಾಲು ಹಾಕಿ ಕೂತದ್ದಕ್ಕೆ ನಪಾಸಾಗಿದ್ದರು. ಹಿರಿಯರನ್ನು ನೋಡಿಕೊಳ್ಳುವ ಅಂಬರೀನ್‌ಳನ್ನಾದರೋ ನಿರ್ಮಲಮ್ಮ ಬೆಡಗೂ ಕೇಳದೆ ಮೊದಲ ನೋಟಕ್ಕೇ ಒಪ್ಪಿಕೊಂಡಿದ್ದಳು. ಅಂಬರೀನ್ ಅದನ್ನು ನಗುತ್ತಾ ಹೇಳಿದ ದಿನ ಬಿಂದುಶ್ರೀಗೆ ನಿಜಕ್ಕೂ ಹೊಟ್ಟೆ ಉರಿಯಿತು.

ಅವ್ವ ತನ್ನನ್ನು ಮಗಳೆಂದು ಗುರುತಿಸುತ್ತಾಳೆ ಎಂಬ ಆಸೆಯನ್ನು ಅವಳು ಎಂದೋ ಬಿಟ್ಟಿದ್ದಳು. ಒಂದೇ ಒಂದು ಸಲ ಒಪ್ಪಿದೆ ಎಂದರೆ ಸಾಕಿತ್ತು. ಹುಟ್ಟಿದಾಗಿನಿಂದ ಅವ್ವನ ಬಾಯಲ್ಲಿ ಅವಳ ಬಗ್ಗೆ ಒಂದು ಒಳ್ಳೆಯ ಮಾತು ಬಂದದ್ದಿಲ್ಲ. ಮದುವೆಯಾಗಿ ತೊಗರ್ಸಿಯ ತವರಿನಿಂದ ಹೊರಟಾಗ ಓಣಿಯವರೆಲ್ಲ ಕಣ್ಣೊರೆಸಿಕೊಂಡರೆ, ಅವ್ವ ಹಿತ್ತಲಲ್ಲಿ ಅಡುಗೆಯವರ ಜೊತೆ ಉಳಿದ ತೆಂಗಿನಕಾಯಿಯ ವಿಷಯಕ್ಕೆ ಜಗಳವಾಡುತ್ತಿದ್ದಳು. ತಾನು ಮನೆ ಬಿಟ್ಟು ಹೋದದ್ದು ಈ ಹೆಂಗಸಿಗೆ ತಟ್ಟಿತೋ ಇಲ್ಲವೋ ಎಂಬ ಕೊರಗು ಬಿಂದುಶ್ರೀಯನ್ನು ಇವತ್ತಿಗೂ ಬಿಟ್ಟಿರಲಿಲ್ಲ. ಈಗ ಕೇಳೋಣವೆಂದರೆ ಯಾರನ್ನು ಕೇಳುವುದು.

ಅದಕ್ಕೇ ಈ ಸಲ ತಯಾರಾಗಿ ಬಂದಳು. ಇಳಕಲ್ ಸೀರೆ, ಕೈತುಂಬ ಹಸಿರು ಬಳೆ, ಮುಡಿಗೆ ಮಲ್ಲಿಗೆ. ಬಸ್ಸಿನ ಕಂಡಕ್ಟರು ಯಾರ ಮದುವೆ ಅಕ್ಕಾ ಎಂದು ಕೇಳಿದ. ಇನ್ನೂ ನಿಕ್ಕಿಯಾಗಿಲ್ಲ ಎಂದಳು.

ಮೆಲ್ಲಗೆ ನಡೆದು ಬಂದು, ತಲೆತುಂಬ ಸೆರಗು ಹೊದ್ದು ಚಾಪೆಯ ಮೇಲೆ ಕೂತಳು. ರೊಟ್ಟಿ ಬಡಿಯಲು ಬರುತ್ತದೆಯೇ, ಎಮ್ಮೆ ಹಾಲು ಹಿಂಡುತ್ತೀಯಾ, ಸಿಟ್ಟು ಬಂದರೆ ಊಟ ಬಿಡುವ ಚಾಳಿ ಇದೆಯೇ ಎಂದು ನಿರ್ಮಲಮ್ಮ ಒಂದೊಂದಾಗಿ ಕೇಳಿದಳು. ಬಿಂದುಶ್ರೀ ತಲೆ ತಗ್ಗಿಸಿಯೇ ಉತ್ತರ ಕೊಟ್ಟಳು, ಕೊನೆಯದಕ್ಕೆ ಸುಳ್ಳು ಹೇಳಿದಳು. ಬೆಡಗು ಕೇಳಿದಾಗ ಗಂಡನ ಮನೆಯದನ್ನು ಹೇಳಿ ಪಾರಾದಳು. ನಡುವೆ ಒಮ್ಮೆ ಬಾಯಿತಪ್ಪಿ ಅವ್ವಾ ಎಂದುಬಿಟ್ಟಳು. ಹೊಸ್ತಿಲು ದಾಟುವ ಮೊದಲೇ ಅವ್ವ ಎನ್ನುವುದು ಬೇಡ ಎಂದು ನಿರ್ಮಲಮ್ಮ ತಡೆದಳು, ಆದರೆ ಮುಖ ಗಂಟಿಕ್ಕಲಿಲ್ಲ. ಅಂಬರೀನ್ ಮಾತ್ರೆಯ ಬಟ್ಟಲು ಹಿಡಿದು ಬಾಗಿಲಲ್ಲೇ ನಿಂತು ನೋಡುತ್ತಿದ್ದಳು.

"ಹುಡುಗಿ ಅಡ್ಡಿಯಿಲ್ಲ," ಎಂದು ನಿರ್ಮಲಮ್ಮ ಅಂಬರೀನ್ ಕಡೆ ತಿರುಗಿದಳು. "ನಂಗೆ ಒಪ್ಪಿಗೆ ಐತೆ."

ಬಿಂದುಶ್ರೀಗೆ ಕಣ್ಣು ತುಂಬಿ ಬಂತು. ಇಷ್ಟು ವರ್ಷಕ್ಕೆ ಪಾಸಾದವಳಿಗೆ ಆ ಸಂತೋಷವನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

"ಯಾರ ಮಗಳವ್ವಾ ನೀನು?"

ಯಾವುದಾದರೂ ಹೆಸರು ಹೇಳಿದ್ದರೆ ಆಗುತ್ತಿತ್ತು. ಅವಳ ಬಾಯಿಗೆ ಬೇರೆ ಹೆಸರು ಬರಲಿಲ್ಲ.

"ತೊಗರ್ಸಿ ನಿರ್ಮಲಮ್ಮನ ಮಗಳು ರೀ."

ನಿರ್ಮಲಮ್ಮ ಸೀರೆಯ ಮಡಿಕೆಯನ್ನು ಮಂಡಿಯ ಮೇಲೆ ಎರಡು ಸಲ ತಿದ್ದಿಕೊಂಡಳು. ಆಮೇಲೆ, ಹುಡುಗಿಗೆ ಬೇಜಾರಾಗದಂತೆ ದನಿ ತಗ್ಗಿಸಿ, ಈ ಸಂಬಂಧ ನಮಗೆ ಬೇಡ ಎಂದು ಅಂಬರೀನ್‌ಗೆ ಹೇಳಿದಳು. ಯಾಕೆ, ಆ ಮನೆಯವರು ಸರಿಯಿಲ್ಲವಾ ಎಂದು ಅಂಬರೀನ್ ಕೇಳಿದಳು.

"ಮನೆತನಕ್ಕೇನಾಗೈತೆ. ಆದ್ರೆ ಆಯಮ್ಮನ್ನ ನಾನು ಬಲ್ಲೆ. ಬಾಯಿ ಜೋರು, ಯಾರ ಮುಂದೂ ಒಂದು ಹನಿ ಕಣ್ಣೀರು ಹಾಕೋಳಲ್ಲ. ಈ ಹುಡುಗೀನ ಕಳಿಸಿಕೊಟ್ಟ ದಿನ ಒಳಗೊಳಗೇ ಸತ್ತುಹೋಗ್ತಾಳೆ."

ಬಿಂದುಶ್ರೀ ಕೂತಲ್ಲಿಂದ ಏಳಲಿಲ್ಲ. ನಿರ್ಮಲಮ್ಮ ಬಗ್ಗಿ, ಅವಳ ತಲೆಯಿಂದ ಜಾರಿದ್ದ ಸೆರಗನ್ನು ಸರಿಮಾಡಿದಳು.

"ಬಸ್ಸಿಗೆ ಹೊತ್ತಾತು, ಹೊರಡು ತಂಗಿ. ನಿಮ್ಮವ್ವ ಬಾಗಿಲಲ್ಲೇ ನಿಂತಿರ್ತಾಳೆ."